ಅಜ್ಜಿಯ ಕೈಗುಣ, ಹಿಂಬದಿಯ ಕೆಂಪು ಸ್ವಿಚ್ಚು

ನಂಜನಗೂಡಿನ ನಮ್ಮ ಮನೆಯಲ್ಲಿ ಅಜ್ಜಿಯ ಮೂರು ಬೆರಳು ಸೋಕದೆ ಯಾವ ಹೊಸ ವಸ್ತುವೂ ಕೆಲಸ ಶುರು ಮಾಡುತ್ತಿರಲಿಲ್ಲ. ಕುಕ್ಕರ್ ಬಂದರೆ ಅದರ ಹೊಟ್ಟೆಗೆ, ಅಪ್ಪನ ಸ್ಕೂಟರ್ ಬಂದಾಗ ಅದರ ದೀಪದ ಮೇಲೆ, ನನ್ನ ಶಾಲೆಯ ಚೀಲಕ್ಕೆ, ಕೊನೆಗೆ ಅಮ್ಮ ಸಂತೆಯಿಂದ ತಂದ ಪೊರಕೆಗೂ ಅಜ್ಜಿ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಮೂರು ಗೆರೆ ಎಳೆಯುತ್ತಿದ್ದಳು. ಅವಳ ಕೈಗುಣ ಒಳ್ಳೆಯದು ಅಂತ ಬೀದಿಯಲ್ಲೆಲ್ಲ ಹೆಸರಿತ್ತು. ಹಾಲು ಕೊಡದೆ ಒದೆಯುವ ಎಮ್ಮೆ, ಜ್ವರ ಬಿಡದ ಮಗು, ಗಿರಾಕಿ ಬಾರದ ಟೀ ಅಂಗಡಿ, ಎಲ್ಲದಕ್ಕೂ ಅಜ್ಜಿಯನ್ನೇ ಕರೆದುಕೊಂಡು ಹೋಗುತ್ತಿದ್ದರು. ತಾತ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು. ಆಮೇಲೆ ಅರಿಶಿನ ಕುಂಕುಮದ ಕೆಲಸಕ್ಕೆ, ಮದುವೆ ಮನೆಯ ಹಸೆಯ ಹತ್ತಿರಕ್ಕೆ ಅಜ್ಜಿಯನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದರೂ ಅವಳು ಹೋಗುತ್ತಿರಲಿಲ್ಲ. ವಿಭೂತಿಗೆ ಮಾತ್ರ ಆ ಅಡ್ಡಿ ಇರಲಿಲ್ಲ. ಅವಳ ಪಾಲಿಗೆ ಉಳಿದಿದ್ದ ಮರ್ಯಾದೆಯೆಲ್ಲ ಆ ಮೂರು ಬೆರಳಿನಲ್ಲಿತ್ತು. ಅದನ್ನು ನಾನು ಕಿತ್ತುಕೊಂಡೆ, ಅದೂ ಒಂದು ಕಾರು ಓಡಿಸುವ ಆಟಕ್ಕಾಗಿ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಮನೆ ಉದ್ದಕ್ಕೆ ರೈಲಿನ ಬೋಗಿಯ ಹಾಗಿತ್ತು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಮಗ್ಗುಲಲ್ಲಿ ದೇವರ ಕೋಣೆ, ಹಿಂದೆ ಅಡುಗೆಮನೆ, ಹಿತ್ತಿಲು. ಹಿತ್ತಿಲ ಗೋಡೆಯ ಆಚೆಗೆ ರಾಗಿ ಬೀಸುವ ಮಿಷನ್ನು. ಸಂಜೆ ಆ ಮಿಷನ್ನು ಶುರುವಾಯಿತೆಂದರೆ ನಮ್ಮ ಬಲ್ಬುಗಳೆಲ್ಲ ಕೆಂಪಗೆ ಕಣ್ಣು ಮುಚ್ಚುತ್ತಿದ್ದವು. ಟೀವಿಯ ಪಕ್ಕ ಒಂದು ಸ್ಟೆಬಿಲೈಸರ್ ಇತ್ತು, ಅದರಲ್ಲಿ ಕರೆಂಟು ಎಷ್ಟು ಬರುತ್ತಿದೆ ಅಂತ ತೋರಿಸುವ ಮುಳ್ಳು. ಆ ಮುಳ್ಳು ಎಲ್ಲಿದೆ ಅಂತ ನೋಡಿಯೇ ಅಮ್ಮ ಮಿಕ್ಸಿ ಹಾಕುತ್ತಿದ್ದಳು. ಅಪ್ಪನಿಗೆ ಬಜಾರಿನಲ್ಲಿ ಹಗ್ಗ, ಗೋಣಿಚೀಲ, ಗುದ್ದಲಿ, ಬಾಂಡಲಿ ಮಾರುವ ಅಂಗಡಿ. ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಉಪ್ಪಿಟ್ಟೋ ರೊಟ್ಟಿಯೋ ತಿಂದು, ಅಂಗಡಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತಿರುತ್ತಿದ್ದಳು.

“ಬಾರಪ್ಪ, ಅಣೆ ಕೊಡು.”

ತಲೆ ಅರ್ಧ ನರೆತಿದ್ದ ಅಪ್ಪ ಎಳೆ ಮಗುವಿನ ಹಾಗೆ ಬಗ್ಗುತ್ತಿದ್ದರು. ಅಜ್ಜಿ ಕುಳ್ಳಿ, ಅಪ್ಪ ಎತ್ತರ, ಸಾಕಷ್ಟು ಬಗ್ಗಬೇಕಿತ್ತು. ಪೂಜೆಯಲ್ಲಿ ತಾವೇ ಇಟ್ಟುಕೊಂಡಿದ್ದ ವಿಭೂತಿಯ ಮೇಲೆಯೇ ಅಜ್ಜಿ ಇನ್ನೊಂದು ಸಲ ಎಳೆಯುತ್ತಿದ್ದಳು. ಅದಾದ ಮೇಲೆಯೇ ಅಪ್ಪ ಮೆಟ್ಟು ಮೆಟ್ಟುತ್ತಿದ್ದುದು. ಒಂದು ದಿನ ಬೇಗ ಹೋಗಬೇಕಾಗಿ ಹಾಗೇ ಹೊರಟವರು ಬಜಾರಿನ ತಿರುವಿನಿಂದ ವಾಪಸ್ ಬಂದು ಹಣೆ ಕೊಟ್ಟು ಹೋದದ್ದನ್ನು ನಾನೇ ನೋಡಿದ್ದೇನೆ.

ನಾನು ಪಿಯುಸಿಗೆ ಸೇರಿದ ವರ್ಷ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹಾಕಿದರು. ನಮಗೆ ಕೊಡುತ್ತಿದ್ದ ಮಷೀನುಗಳು ಆನ್ ಆಗುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಆದರೆ ಕ್ಲಾಸಿನ ಯಜಮಾನರು ತಮ್ಮ ಟೇಬಲ್ಲಿನ ಮೇಲೆ ಒಂದು ಒಳ್ಳೆಯ ಮಷೀನ್ ಇಟ್ಟುಕೊಂಡಿದ್ದರು. ಒಂದು ದಿನ ಅದರಲ್ಲಿ ಕಾರ್ ರೇಸ್ ಆಡುತ್ತಿದ್ದರು. ಮಳೆ ಬಿದ್ದು ನಿಂತ ರಸ್ತೆ, ಅದರ ಮೇಲೆ ಬೀದಿ ದೀಪಗಳ ಬೆಳಕು ಉದ್ದುದ್ದ ಹರಡಿಕೊಂಡಿತ್ತು, ಕಾರು ಹೋದ ಕಡೆಗೆಲ್ಲ ಆ ಬೆಳಕು ಒಡೆದು ಮತ್ತೆ ಕೂಡುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ನಮ್ಮ ಮಷೀನಿನಲ್ಲಿ ಯಾಕೆ ಹೀಗೆ ಬರುವುದಿಲ್ಲ ಅಂತ ಕೇಳಿದ್ದಕ್ಕೆ, ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಮ್ಮ ಅಂದರು. ಆವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಸೈಕಲ್ಲನ್ನೂ ಬಜಾರಿನ ಆಚೆಗೆ ಬಿಡಕೂಡದು ಎನ್ನುವ ಮನೆಯ ಹುಡುಗಿ ನಾನು. ಆ ಒದ್ದೆ ರಸ್ತೆಯಲ್ಲಿ ನಾನೊಬ್ಬಳೇ ಕಾರು ಬಿಡಬೇಕು, ಅಷ್ಟೇ.

ಓದಿಗೆ ಅಂತ ಹೇಳಿ ಅಪ್ಪನನ್ನು ಒಪ್ಪಿಸಿದೆ. ಅಪ್ಪ ಒಂದು ಮೊತ್ತ ಹೇಳಿದರು, ಅದರ ಮೇಲೆ ಬಿಡಿಗಾಸೂ ಇಲ್ಲ ಅಂದರು. ತಿಂಗಳುಗಟ್ಟಲೆ ಫಿಸಿಕ್ಸ್ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪಟ್ಟಿ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಕ್ಲಾಸಿನ ಯಜಮಾನರ ಹತ್ತಿರ ಹಳೆಯ ಕಂಪ್ಯೂಟರ್ ಪತ್ರಿಕೆಗಳನ್ನು ಇಸಿದುಕೊಂಡು ಬೆಲೆ ನೋಡುತ್ತಿದ್ದೆ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದು ಸಾಕು. ಹಾರ್ಡ್ ಡಿಸ್ಕ್ ಚಿಕ್ಕದಿರಲಿ. ಮಾನಿಟರ್ ಸೆಕೆಂಡ್ ಹ್ಯಾಂಡ್. ಸ್ಪೀಕರ್ ಬೇಡವೇ ಬೇಡ. ಹೀಗೆ ಎಲ್ಲರ ಹೊಟ್ಟೆಗೂ ಹೊಡೆದು ಉಳಿಸಿದ್ದನ್ನೆಲ್ಲ ಆ ಕಾರ್ಡಿನ ಬಾಯಿಗೆ ಹಾಕಿದೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಪಟ್ಟಿ ಓದಿ ಹೇಳಿದೆ. ಅಜ್ಜಿ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕಿವಿ ಕೊಟ್ಟಳು.

“ಪಟ್ಟೀಲಿ ರಾಮ ಅವ್ನೆ. ಶಿವ ಎಲ್ಲವ್ನೆ?”

“ರಾಮ ಅಲ್ಲಜ್ಜಿ, ರ್‍ಯಾಮು. ಅದು ಕಂಪ್ಯೂಟರಿನ ಗ್ಯಾಪಕ ಇದ್ದಂಗೆ.”

“ಯಾವ್ದಾರಾ ಆಗ್ಲಿ. ಮನೇಗ್ ಬರ್ಲಿ ಬುಡು, ಶಿವನ್ನ ನಾನ್ ಸೇರುಸ್ತೀನಿ.”

ಎಲ್ಲರೂ ನಕ್ಕೆವು. ಅಪ್ಪ ಪಟ್ಟಿಯನ್ನು ಇಸಿದುಕೊಂಡು, ತಮ್ಮ ಅಂಗಡಿಯ ಸಾಮಾನಿನ ಪಟ್ಟಿ ನೋಡುವ ಹಾಗೆ ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಇಳಿದರು.

“ಇದ್ಯಾವ್ದವ್ವ ಈ ಕಾರ್ಡು? ಎಲ್ಲಾದ್ಕಿಂತ ಜಾಸ್ತಿ ಐತಲ್ಲ.”

“ಪಾಠದ ಚಿತ್ರ ಬರಕ್ಕಪ್ಪ. ಅದಿಲ್ದಿದ್ರೆ ಬಯಾಲಜಿಲಿ ಹೃದಯ, ಕಿಡ್ನಿ ಒಂದೂ ಕಾಣಲ್ಲ.”

“ಹೃದಯ ಕಾಣ್ದಿದ್ರೆ ಎಂಗೆ? ಹಾಕ್ಸು ಹಾಕ್ಸು.”

ಹೀಗೆ ಹಸಿ ಸುಳ್ಳು ಹೇಳಿ ಅಪ್ಪನ ಜೊತೆ ಮೈಸೂರಿನ ಕಂಪ್ಯೂಟರ್ ಅಂಗಡಿಗೆ ಹೊರಟೆ. ಅಂಗಡಿಯ ಹುಡುಗ ಅನ್ನುವಂತಿಲ್ಲ, ಮೂವತ್ತು ದಾಟಿದ ನಾಗೇಶ ಅನ್ನುವವನು ಅಲ್ಲಿ ಕಂಪ್ಯೂಟರ್ ಜೋಡಿಸುತ್ತಿದ್ದ. ನನ್ನ ಪಟ್ಟಿ ನೋಡಿ ಮೆಚ್ಚಿಕೊಂಡು ತಲೆ ಆಡಿಸಿದ. ಒಂದೇ ಒಂದು ಕಡೆ ಪೆನ್ನು ನಿಲ್ಲಿಸಿದ.

“ಎಲ್ಲಾ ಸರಿ ಸಾ. ಈ ಕಾರ್ಡ್ ಹಾಕೋದಾದ್ರೆ ಪವರ್ ಸಪ್ಲೈ ಒಸಿ ಚೆನ್ನಾಗಿರೋದು ಬೇಕು. ಡಬ್ಬದ ಜೊತೆ ಪುಕ್ಕಟೆ ಬರೋದು ತಡಿಯಲ್ಲ.”

ಪವರ್ ಸಪ್ಲೈ ಅಂದರೆ ಗೋಡೆಯ ಕರೆಂಟನ್ನು ಹದ ಮಾಡಿ ಒಳಗಿನ ಭಾಗಗಳಿಗೆ ಹಂಚುವ ತಗಡಿನ ಪೆಟ್ಟಿಗೆ. ನಾಗೇಶ ಎರಡನ್ನೂ ಮೇಜಿನ ಮೇಲಿಟ್ಟ. ಒಳ್ಳೆಯದು ಬೇಕೆಂದರೆ ಕಾರ್ಡು ಒಂದು ಮೆಟ್ಟಿಲು ಇಳಿಯಬೇಕು. ಇಳಿದರೆ ರಸ್ತೆಯ ಮೇಲಿನ ಬೆಳಕು ಹೋಯಿತು. ನಾನು ಬಾಯಿ ತೆರೆಯುವ ಮೊದಲು ಅಪ್ಪ ಒಂದು ಕೈಗೆ ಒಂದರಂತೆ ಎರಡನ್ನೂ ಎತ್ತಿ ತೂಗಿ ನೋಡಿದರು. ಹಗ್ಗದ ಉಂಡೆಯನ್ನೂ ಗುದ್ದಲಿಯನ್ನೂ ಅವರು ತೂಗುತ್ತಿದ್ದುದು ಹಾಗೆಯೇ.

“ಇದು ಹಗುರ ಐತೆ ಕಣವ್ವ. ಒಳಗ್ ಏನೂ ಇಲ್ಲ. ಇನ್ನೊಂದ್ನೇ ತಗೊಳಾಣ.”

“ಅಯ್ಯೋ ಅಪ್ಪಾ! ಇದೇನ್ ನಿನ್ ಅಂಗಡಿ ಹಗ್ಗನಾ, ತೂಕದ್ ಮೇಲೆ ತಗೊಳಕ್ಕೆ? ಸುಮ್ನಿರು, ನಿಂಗ್ ಗೊತ್ತಾಗಲ್ಲ.”

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ನಕ್ಕರು. ಅಪ್ಪನೂ ನಕ್ಕರು, ಆದರೆ ಪೆಟ್ಟಿಗೆಗಳನ್ನು ಮೆಲ್ಲಗೆ ಇಳಿಸಿ, ಕೈ ಕೊಳೆಯಾಗಿರಬೇಕು ಅನ್ನುವ ಹಾಗೆ ಪಂಚೆಗೆ ಒರೆಸಿಕೊಂಡು ಹೊರಗೆ ಹೋಗಿ ನಿಂತರು. ಒಳ್ಳೆಯ ಪವರ್ ಸಪ್ಲೈಯನ್ನು ಹೊರಗಿನಿಂದಲೇ ಗುರುತಿಸಲು ತೂಕಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನುವುದನ್ನು ನಾನು ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಕಲಿತೆ. ನಾನು ಹಗುರವಾದದ್ದನ್ನೇ ಹಾಕಿಸಿದೆ. ಜೋಡಿಸಿ ಮುಗಿಸಿದ ನಾಗೇಶ ಡಬ್ಬದ ಬೆನ್ನಿನಲ್ಲಿದ್ದ ಒಂದು ಪುಟ್ಟ ಕೆಂಪು ಸ್ವಿಚ್ಚನ್ನು ತೋರಿಸಿದ. ಅದರ ಮೇಲೆ 230 ಅಂತ ಬರೆದಿತ್ತು.

“ಇದನ್ನ ಮಾತ್ರ ಮುಟ್ಬೇಡಮ್ಮ. ಈ ಕಡೆ ತಳ್ಳುದ್ರೆ 115 ಆಗ್ತದೆ, ಅದು ಫಾರಿನ್ನೋರ್ ಕರೆಂಟು.”

ಹೂಂ ಅಂದೆ. ಕಣ್ಣು ಕಾರ್ಡಿನ ರಟ್ಟಿನ ಪೆಟ್ಟಿಗೆಯ ಮೇಲಿತ್ತು.

ಡಬ್ಬವನ್ನು ನಡುಮನೆಯಲ್ಲಿ ಇಡಬೇಕೆಂದು ನಾನೇ ಹಟ ಮಾಡಿದ್ದರಿಂದ ಅಜ್ಜಿಯ ಮಂಚವನ್ನು ಅಡುಗೆಮನೆಯ ಪಕ್ಕಕ್ಕೆ ಎಳೆದರು. ಅಲ್ಲಿ ಫ್ಯಾನಿರಲಿಲ್ಲ. ತಂದದ್ದು ಭಾನುವಾರ, ಅಜ್ಜಿ ಸೋಮವಾರ ಸಂಜೆ ಶಿವಪೂಜೆ ಆದಮೇಲೆಯೇ ಶುರು ಮಾಡಬೇಕು ಅಂದಳು. ಸೋಮವಾರ ಸಂಜೆ ಅವಳು ದೇವರ ಕೋಣೆಯಲ್ಲಿರುವಾಗ ನನಗೆ ತಡೆಯಲಾಗಲಿಲ್ಲ. ಒಂದು ಸಲ ನೋಡಿಬಿಡೋಣ ಅಂತ ಗುಂಡಿ ಒತ್ತಿದೆ. ಹಿತ್ತಿಲ ಆಚೆ ಮಿಷನ್ನು ಭರ್ರೆಂದು ಓಡುತ್ತಿತ್ತು. ಕಂಪ್ಯೂಟರ್ ಹೊತ್ತಿಕೊಂಡಿತು, ಆರಿತು. ಮತ್ತೆ ಹೊತ್ತಿಕೊಂಡಿತು, ಆರಿತು. ಸ್ಟೆಬಿಲೈಸರ್ ನೋಡಿದರೆ ಮುಳ್ಳು ನೂರಮೂವತ್ತರ ಹತ್ತಿರ ಬಿದ್ದುಕೊಂಡಿದೆ. ನನ್ನ ಬುದ್ಧಿ ಎಲ್ಲಿಗೆ ಓಡಿತು ನೋಡಿ. ಮೈಸೂರಿನ ನಾಗೇಶನಿಗೆ ನಮ್ಮೂರ ಕರೆಂಟು ಏನು ಗೊತ್ತು? ನಮ್ಮ ಮನೆಗೆ ಇನ್ನೂರಮೂವತ್ತು ಬಂದದ್ದು ಯಾವ ಕಾಲಕ್ಕೆ? ನೂರಮೂವತ್ತಕ್ಕೆ ಹತ್ತಿರದ್ದು ನೂರಹದಿನೈದು ತಾನೆ? ಜಾಮಿಟ್ರಿ ಬಾಕ್ಸಿನಿಂದ ಕೈವಾರ ತಂದು, ಅದರ ಮುಳ್ಳಿನಿಂದ ಕೆಂಪು ಸ್ವಿಚ್ಚನ್ನು ಆ ಕಡೆಗೆ ತಳ್ಳಿದೆ. ಗುಂಡಿ ಒತ್ತಿದೆ. ಸೊಗಸಾಗಿ ಆನ್ ಆಯಿತು! ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಎಲ್ಲರನ್ನೂ ಕೂಗಿ ಕರೆದೆ.

ಅಪ್ಪ ಅಂಗಡಿಯಿಂದ ಆಗಷ್ಟೇ ಬಂದಿದ್ದರು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅಜ್ಜಿ ಹಿತ್ತಾಳೆಯ ಬಟ್ಟಲಲ್ಲಿ ವಿಭೂತಿ ತೇಯ್ದುಕೊಂಡು ಬಂದು ಡಬ್ಬದ ಮುಂದೆ ಕುಳಿತಳು. ಬೆರಳು ಅದ್ದಿ ಒಂದು ಗೆರೆ ಎಳೆದಳು, ಎರಡು ಎಳೆದಳು. ಆಗ ಹಿತ್ತಿಲ ಆಚೆ ಮಿಷನ್ನು ನಿಂತಿತು. ಮನೆಯ ಬಲ್ಬುಗಳೆಲ್ಲ ಒಂದೇ ಸಲ ಬೆಳ್ಳಗಾದವು. ಆ ಬೆಳಕು ಬಂದ ಕೂಡಲೇ ನನಗೆ ಗೊತ್ತಾಗಿಹೋಯಿತು, ಈಗ ಬರುತ್ತಿರುವುದು ಪೂರ್ತಿ ಇನ್ನೂರಮೂವತ್ತು, ಸ್ವಿಚ್ಚು ಇರುವುದು ನೂರಹದಿನೈದರಲ್ಲಿ. ಮೂರನೆಯ ಗೆರೆಗೆ ಅಜ್ಜಿಯ ಕೈ ಹೋಗುತ್ತಿದ್ದ ಹಾಗೆ ಢಂ ಅಂತ ಸಿಡಿಯಿತು. ಬೆನ್ನಿನಿಂದ ಹೊಗೆ ಬಂತು. ಬಟ್ಟಲು ಉರುಳಿ ನೀರೆಲ್ಲ ನೆಲಕ್ಕೆ ಚೆಲ್ಲಿತು. ಅಜ್ಜಿ ಹಿಂದಕ್ಕೆ ಬಿದ್ದು ಗೋಡೆಗೆ ಒರಗಿದಳು. ಅಪ್ಪ ಓಡಿಬಂದು ಗೋಡೆಯ ಸ್ವಿಚ್ಚು ಆರಿಸಿದರು.

“ಏನಾಯ್ತವ್ವ? ಏನಾಯ್ತು?”

“ಅಜ್ಜಿ ನೀರ್ ಹಾಕ್ಬುಟ್ರು ಅಪ್ಪಾ! ಒಳಗೆ ನೀರ್ ಓಯ್ತು!”

ಈ ಮಾತನ್ನು ಹೇಳಿದ್ದು ನಾನು. ಯಾರೂ ನನ್ನ ಬಾಯಿಂದ ಹೊರಡಿಸಲಿಲ್ಲ. ಹೇಳುವಾಗ ಅತ್ತೆ ಬೇರೆ, ಆ ಅಳು ನಿಜವಾದದ್ದೇ ಆಗಿತ್ತು, ಕಾರ್ಡಿಗಾಗಿ. ಅಜ್ಜಿ ತನ್ನ ಬೆರಳುಗಳನ್ನು ಮುಖದ ಹತ್ತಿರ ತಂದು ನೋಡಿಕೊಂಡಳು.

“ಕರೆಂಟಿನ್ ಸಾಮಾನ್ಗೆ ನೀರ್ ಹಾಕ್ತಾರೇನವ್ವಾ?” ಅಂದರು ಅಪ್ಪ. ಅವರು ಅಜ್ಜಿಯ ಮೇಲೆ ದನಿ ಎತ್ತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಒಂದೇ ಒಂದ್ ತೊಟ್ಟು ಕಣಪ್ಪ. ಯಾವಾಗ್ಲೂ ಇಡಂಗೇ ಇಟ್ಟೆ.”

ಅವರು ನೆಲ ಒರೆಸುವುದರಲ್ಲಿದ್ದಾಗ ನಾನು ಕೈವಾರದಿಂದ ಕೆಂಪು ಸ್ವಿಚ್ಚನ್ನು ಮತ್ತೆ 230ಕ್ಕೆ ತಳ್ಳಿಬಿಟ್ಟೆ. ಆ ವಾರವೇ ಅಪ್ಪ ಡಬ್ಬವನ್ನು ನಾಗೇಶನಿಗೆ ತೋರಿಸಿದರು. ಅವನು ಬಿಚ್ಚಿ, ಮೂಸಿ, ಮೊದಲು ನೋಡಿದ್ದು ಆ ಸ್ವಿಚ್ಚನ್ನೇ. ಅದು ಸರಿಯಾಗಿತ್ತು. ನೀರೇನಾದರೂ ಬಿತ್ತಾ ಸಾ ಅಂತ ಕೇಳಿದ. ಅಪ್ಪ ಹೂಂ ಅಂದರು. ಪವರ್ ಸಪ್ಲೈ ಜೊತೆಗೆ ಕಾರ್ಡೂ, ಬೋರ್ಡೂ ಹೋಗಿದ್ದವು. ಇನ್ನೊಂದು ಕೊಡಿಸುವ ಮಾತೇ ಇರಲಿಲ್ಲ. ಡಬ್ಬ ಅಟ್ಟ ಸೇರಿತು. ಅಜ್ಜಿಯ ಮಂಚ ಮಾತ್ರ ನಡುಮನೆಗೆ ವಾಪಸ್ ಬರಲಿಲ್ಲ. ಎಳೆಯಿರಿ ಅಂತ ಅವಳು ಕೇಳಲಿಲ್ಲ, ನಮಗೂ ತೋಚಲಿಲ್ಲ.

ಆಮೇಲೆ ಮನೆಗೆ ಹೊಸ ಗ್ರೈಂಡರ್ ಬಂದಾಗ ಅಮ್ಮ, “ನೀವ್ ಬುಡಿ ಅತ್ತೆ, ನಾನೇ ಇಟ್ಬುಡ್ತೀನಿ,” ಅಂದಳು. ಕೊಂಕಿನಿಂದಲ್ಲ, ಹೆದರಿಕೆಯಿಂದ. ಬೀದಿಯವರು ಯಾರಾದರೂ ಮಗು ಎತ್ತಿಕೊಂಡು ಬಂದರೆ ಅಜ್ಜಿಯೇ, “ನನ್ ಕೈಗುಣ ಈಗ ಸರಿಯಿಲ್ಲ ಕಣವ್ವ, ಮಠಕ್ಕೆ ಓಗಿ,” ಅಂತ ಕಳಿಸತೊಡಗಿದಳು. ಅಪ್ಪ ಬೆಳಿಗ್ಗೆ ಬೇಗ ಬೇಗ ಹೊರಡತೊಡಗಿದರು. ನನಗೆ ಅವಳ ಮುಖ ನೋಡಲು ಆಗದೆ, ಅವಳಿರುವ ಕಡೆ ಹೋಗುವುದನ್ನೇ ಬಿಟ್ಟೆ. ಅದನ್ನು ಅವಳು ಸಿಟ್ಟು ಅಂದುಕೊಂಡಳು. ಒಂದು ಸಲ ತನ್ನ ಪಿಂಚಣಿಯ ನೋಟುಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ, “ಆ ರಾಮುನ್ನಾರಾ ತಗೋ ಮಗಾ,” ಅಂತ ಚಾಚಿದಳು. ಬೇಡ ಅಂತ ಓಡಿಹೋದೆ. ಸ್ವಲ್ಪ ಕಾಲಕ್ಕೆ ಅಜ್ಜಿ ಟಿ. ನರಸೀಪುರಕ್ಕೆ, ಮಗಳ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟಳು. ಅಪ್ಪನ ಅಕ್ಕ, ನನ್ನ ಅತ್ತೆ, ಅಲ್ಲಿದ್ದರು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಓದಿದೆ. ಅದನ್ನೇ ಓದು ಅಂತ ಒಳಗಿನಿಂದ ನನ್ನನ್ನು ಕೊರೆದ ಹುಳು ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ವರ್ಷದಲ್ಲಿ ಒಂದು ದಿನ ತಡೆಯಲಾರದೆ ನರಸೀಪುರದ ಬಸ್ಸು ಹತ್ತಿದೆ. ಅಜ್ಜಿ ಅತ್ತೆಯ ಮನೆಯ ಹಿಂದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು, ನಾನೂ ಬಿಡಿಸುತ್ತ, ಸ್ವಿಚ್ಚು, ಕೈವಾರ, ಮಿಷನ್ನು ನಿಂತದ್ದು, ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂತ ಕಾದೆ.

“ಅಂಗಾರೆ ನನ್ ಕೈದಲ್ವಾ?”

“ಅಲ್ಲಜ್ಜಿ. ನಿನ್ ನೀರು ಒಳಗೇ ಓಗಿರ್ನಿಲ್ಲ. ನನ್ ತಪ್ಪು.”

“ಅಯ್ಯೋ ಶಿವ್ನೇ, ನನ್ ಕೈದಲ್ಲ!”

ಅವಳಿಗೆ ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿರಲಿಲ್ಲ, ಅಷ್ಟು ಸಂತೋಷ. ಎದ್ದು ಹೋಗಿ ಹುಣಸೆಯ ಕೈ ತೊಳೆದು, ವಿಭೂತಿ ತೇಯ್ದು ತಂದು ನನ್ನ ಹಣೆಗೆ ಎಳೆದಳು. ಆಮೇಲೆ ನನ್ನ ಗಲ್ಲ ಹಿಡಿದುಕೊಂಡಳು.

“ನಿಮ್ಮಪ್ಪಂಗ್ ಒಂದ್ ಮಾತು ಹೇಳ್ಬುಡು ಮಗಾ. ಬೇರೆ ಯಾರ್ಗೂ ಬ್ಯಾಡ, ಅವ್ನ್ಗ್ ಒಬ್ನಿಗೇ.”

“ನೀನೇ ಹೇಳಜ್ಜಿ.”

“ನಾನ್ ಹೇಳುದ್ರೆ ತಪ್ಪು ಮುಚ್ಕತಾವ್ಳೆ ಅಂತಾನೆ. ನೀನ್ ಹೇಳು.”

ಹೇಳ್ತೀನಿ ಅಂತ ಅವಳ ಕೈ ಮುಟ್ಟಿ ಮಾತು ಕೊಟ್ಟೆ. ಅದಾಗಿ ಕೆಲವೇ ವಾರಕ್ಕೆ ಅಪ್ಪ ಬಜಾರಿನಲ್ಲಿ ಇನ್ನೊಂದು ಮಳಿಗೆ ತೆರೆದರು. ಅಜ್ಜಿ ಬಂದಿದ್ದಳು, ವಿಭೂತಿ ಗಟ್ಟಿಯನ್ನು ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡು. ಬಂದವಳೇ ನನ್ನ ಮುಖ ನೋಡಿದಳು. ಆಯಿತಾ ಅಂತ ಕಣ್ಣಿನಲ್ಲೇ ಕೇಳಿದಳು. ಆಗಿರಲಿಲ್ಲ. ಈಗ ಹೇಳುತ್ತೇನೆ ಅಂತ ಅಪ್ಪನ ಹತ್ತಿರ ಹೋದರೆ, ಅವರು ಬಂದವರಿಗೆಲ್ಲ ನನ್ನನ್ನು ತೋರಿಸುತ್ತ, “ಅಂಗಡಿ ವೈರಿಂಗೆಲ್ಲ ನಮ್ ಹುಡ್ಗೀನೇ ಹೇಳಿ ಮಾಡ್ಸಿದ್ದು. ಕರೆಂಟಿನ್ ವಿಷ್ಯ ಏನಿದ್ರೂ ಇವ್ಳನ್ನ ಕೇಳಿ,” ಅನ್ನುತ್ತಿದ್ದರು. ಮೈಸೂರಿನ ಅಂಗಡಿಯಲ್ಲಿ ನಾನು ಅವರನ್ನು ನಗೆಪಾಟಲು ಮಾಡಿದ್ದೆ. ಅವರು ಹತ್ತು ಜನರ ಮುಂದೆ ನನ್ನನ್ನು ಎತ್ತಿ ಹಿಡಿದಿದ್ದರು. ಆ ಮಾತನ್ನು ಒಡೆಯಲು ನನಗೆ ಮನಸ್ಸು ಬರಲಿಲ್ಲ. ಮನಸ್ಸು ಬರಲಿಲ್ಲ ಅನ್ನುವುದೂ ಸುಳ್ಳು, ಆ ಹೊಗಳಿಕೆ ನನಗೆ ಬೇಕಾಗಿತ್ತು. ತಕ್ಕಡಿಗೆ ವಿಭೂತಿ ಇಡುವ ಹೊತ್ತಾಯಿತು. ಅಪ್ಪ ಮಠದಿಂದ ಬಂದ ಅಯ್ನೋರನ್ನು ಕರೆದರು. ಅಜ್ಜಿ ಬಟ್ಟೆಯ ಗಂಟನ್ನು ಮಡಿಲಿನಲ್ಲಿ ಮುಚ್ಚಿಕೊಂಡು, ಹಗ್ಗದ ಉಂಡೆಗಳ ಪಕ್ಕ ಕುಳಿತಳು. ಊಟಕ್ಕೆ ಎಬ್ಬಿಸಲು ಹೋದಾಗ, ಪಾಯಸ ಚೆನ್ನಾಗಿದೆಯಾ ಅಂತ ಕೇಳಿದಳು. ಆಮೇಲೆ ಅವಳು ನಂಜನಗೂಡಿಗೆ ಬರಲಿಲ್ಲ, ನರಸೀಪುರದಲ್ಲೇ ತೀರಿಹೋದಳು.

ಈಗ ನಾನು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕರೆಂಟಿನ ವಿಭಾಗ ನೋಡಿಕೊಳ್ಳುತ್ತೇನೆ. ಹೋದ ವರ್ಷ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಆ ಡಬ್ಬ ಇಳಿಯಿತು. ಅದರ ಮುಖದ ಮೇಲೆ ಎರಡು ಬಿಳಿ ಗೆರೆ ಇನ್ನೂ ಇದ್ದವು. ಗುಜರಿಗೆ ಹಾಕುವ ಮೊದಲು ಬಿಚ್ಚಿದೆ. ಅಪ್ಪನಿಗೆ ಈಗ ಎಂಬತ್ತು. ಪವರ್ ಸಪ್ಲೈಯನ್ನು ಇಸಿದುಕೊಂಡು ಅಂಗೈ ಮೇಲಿಟ್ಟು ತೂಗಿದರು.

“ಆವತ್ತೇ ಅಂದೆ, ಹಗುರ ಐತೆ ಅಂತ.”

“ಹೂಂ ಅಪ್ಪ. ನೀನೇ ಸರಿ.”

ಇಷ್ಟು ಹೇಳಿದ್ದೇ, ಮಿಕ್ಕದ್ದು ತಾನಾಗಿ ಬಂತು. ಕೈವಾರವನ್ನೂ ಬಿಡದೆ ಹೇಳಿದೆ. ಅಜ್ಜಿಗೆ ಕೊಟ್ಟ ಮಾತನ್ನೂ ಹೇಳಿದೆ. ಅಪ್ಪ ಆ ಪೆಟ್ಟಿಗೆಯನ್ನು ತಿರುಗಿಸಿ ಕೆಂಪು ಸ್ವಿಚ್ಚಿನ ಮೇಲೆ ಉಗುರು ಆಡಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ಕಡೆ ನೋಡುತ್ತ ಹೇಳಿದರು:

“ಬೆಳಿಗ್ಗೆ ಹೊತ್ತು ಅಲ್ಲೇ ನಿಂತಿರೋಳು ಕಣವ್ವ, ವಿಭೂತಿ ಹಿಡ್ಕಂಡು. ಅಣೆ ಕೊಡು ಅಂತ ಕೇಳ್ತಿರ್ನಿಲ್ಲ, ಸುಮ್ಗೆ ನಿಂತಿರೋಳು. ನಾನು, ಆಗ್ಲೇ ಇಟ್ಕಂಡಿವ್ನಿ ಕಣವ್ವ ಅಂತ ಅಣೆ ತೋರುಸ್ಬುಟ್ಟು ಓಗ್ಬುಡ್ತಿದ್ದೆ.”